ತೂಕ ಹೆಚ್ಚಿರುವ ಮಗುವಿನ ಊಟ, ಆಟ ಮತ್ತು ದಿನಚರಿ: ಹೆತ್ತವರಿಗೊಂದು ಕೈಪಿಡಿ

ಮಗುವಿನ ತೂಕ ವಯಸ್ಸಿಗೆ ಮೀರಿ ಹೆಚ್ಚಿದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನ ಹೆತ್ತವರು ಮೊದಲು ತಟ್ಟೆಗೆ ಬಡಿಸುವುದನ್ನು ಕಡಿಮೆ ಮಾಡುತ್ತಾರೆ, ಆಮೇಲೆ ದಿನವೂ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸತೊಡಗುತ್ತಾರೆ. ಎರಡನ್ನೂ ಕಾಳಜಿಯಿಂದಲೇ ಮಾಡುತ್ತಾರಾದರೂ ಎರಡರಿಂದಲೂ ಮಗುವಿಗೆ ಒಳಿತಾಗುವುದು ಅಪರೂಪ. ಬೆಳೆಯುವ ದೇಹ ದಿನದಿನವೂ ಮೂಳೆ, ಸ್ನಾಯು, ರಕ್ತಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಅದಕ್ಕೆ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣ, ಒಳ್ಳೆಯ ಕೊಬ್ಬು ಇವುಗಳಿಗೆ ಕತ್ತರಿ ಬಿದ್ದರೆ ತೂಕದ ಜೊತೆಗೆ ಬೆಳವಣಿಗೆಯೂ ಕುಂಠಿತವಾಗುತ್ತದೆ. ವಯಸ್ಕರಿಗಾಗಿ ಹೇಳಿದ ಡಯಟ್ ಪಟ್ಟಿಗಳನ್ನು ಮಕ್ಕಳ ಮೇಲೆ ಪ್ರಯೋಗಿಸಬಾರದು ಎನ್ನುವುದು ಇದೇ ಕಾರಣಕ್ಕೆ. ತಿದ್ದಬೇಕಾದದ್ದು ಮಗುವಿನ ಸುತ್ತಲೂ ಇರುವ ಮನೆಯ ರೂಢಿಗಳನ್ನು, ಮತ್ತು ಆ ಕೆಲಸ ಹಿರಿಯರದೇ ಹೊರತು ಮಗುವಿನದಲ್ಲ.

ತೂಕ ನಿಜವಾಗಿಯೂ ಹೆಚ್ಚಿದೆಯೇ?

ಕಣ್ಣಳತೆಯನ್ನು ನಂಬಬೇಡಿ. ಓರಗೆಯ ಮಕ್ಕಳಲ್ಲಿ ಬಹಳಷ್ಟು ಮಂದಿ ದಪ್ಪಗಿದ್ದರೆ ನಮ್ಮ ಮಗು ಸರಿಯಾಗಿಯೇ ಇದೆ ಎನಿಸುತ್ತದೆ. ಎಲ್ಲರೂ ಸಣಕಲಾಗಿದ್ದರೆ ಆರೋಗ್ಯವಂತ ಮಗುವೂ ದಪ್ಪಗೆ ಕಾಣುತ್ತದೆ. ತೂಕವನ್ನು ಕಿಲೋಗ್ರಾಂಗಳಲ್ಲಿ ಬರೆದುಕೊಂಡು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ವಯಸ್ಕರಲ್ಲಿ ಅದು 25 ದಾಟಿದರೆ ತೂಕ ಹೆಚ್ಚು ಎನ್ನುತ್ತಾರೆ, ಆದರೆ ಆ ಗೆರೆ ಮಕ್ಕಳಿಗೆ ಅನ್ವಯಿಸುವುದಿಲ್ಲ. ಮಕ್ಕಳ ಬಿಎಂಐಯನ್ನು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಬೆಳವಣಿಗೆಯ ನಕ್ಷೆಯಲ್ಲಿಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 5 ವರ್ಷದೊಳಗಿನವರಿಗೆ 2006ರಲ್ಲಿ, 5ರಿಂದ 19 ವರ್ಷದವರಿಗೆ 2007ರಲ್ಲಿ ಇಂಥ ನಕ್ಷೆಗಳನ್ನು ಪ್ರಕಟಿಸಿದೆ. ಅಮೆರಿಕದ ನಕ್ಷೆಗಳಲ್ಲಿ, ನೂರು ಮಕ್ಕಳಲ್ಲಿ ಎಷ್ಟು ಮಂದಿಯ ಬಿಎಂಐ ಇದಕ್ಕಿಂತ ಕಡಿಮೆ ಎಂಬುದನ್ನು ಹೇಳುವ ಪರ್ಸೆಂಟೈಲ್ ಲೆಕ್ಕದಲ್ಲಿ, 85ನೇ ಪರ್ಸೆಂಟೈಲ್‌ನಿಂದ 95ರ ಕೆಳಗಿನವರೆಗೆ ತೂಕ ಹೆಚ್ಚು, 95 ಮತ್ತು ಅದಕ್ಕೂ ಮೇಲೆ ಬೊಜ್ಜು ಎಂದು ಪರಿಗಣಿಸುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತು ವರ್ಷದ ಮಗುವಿನ ಎತ್ತರ 138 ಸೆಂ.ಮೀ., ತೂಕ 39 ಕೆ.ಜಿ. ಎಂದರೆ ಬಿಎಂಐ ಸುಮಾರು 20.5. ವಯಸ್ಕರ ಲೆಕ್ಕದಲ್ಲಿ ಇದಕ್ಕೆ ಯಾರೂ ತಕರಾರು ಮಾಡುವಂತಿಲ್ಲ, ಆದರೆ ಹತ್ತರ ವಯಸ್ಸಿಗೆ ಇದು ಹೆಚ್ಚಿನ ತೂಕವೇ ಸರಿ. ಈ ಮಗುವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದರ ಲೆಕ್ಕ ಮತ್ತೊಮ್ಮೆ ಬೇಕಾಗುತ್ತದೆ.

ಐದು ವರ್ಷ ದಾಟಿದ ಮಕ್ಕಳಿಗೆ ಮನೆಯಲ್ಲೇ ಮಾಡಬಹುದಾದ ಇನ್ನೊಂದು ಅಳತೆಯಿದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಮಗು ಉಸಿರನ್ನು ಸಹಜವಾಗಿ ಹೊರಬಿಟ್ಟಾಗ ಸಿಗುವ ಸುತ್ತಳತೆಯು ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ಹೊಟ್ಟೆಯ ಸುತ್ತ ಸೇರುವ ಕೊಬ್ಬೇ ಯಕೃತ್ತಿಗೂ ರಕ್ತದ ಸಕ್ಕರೆಗೂ ಹೆಚ್ಚು ತೊಂದರೆ ಕೊಡುವುದರಿಂದ ಈ ಅಳತೆ ಉಪಯುಕ್ತ. ಹಾಗೆಯೇ, ಪ್ರೌಢಾವಸ್ಥೆಯ ಹೊಸ್ತಿಲಲ್ಲಿ, ಎತ್ತರ ಸರ್ರನೆ ಏರುವ ಮೊದಲು, ಕೆಲವು ಮಕ್ಕಳು ಮೈದುಂಬಿಕೊಳ್ಳುವುದು ಸಹಜ ಎಂಬುದೂ ತಿಳಿದಿರಲಿ. ಒಂದು ದಿನದ ಅಂಕಿಗಿಂತ ಆರು ತಿಂಗಳಲ್ಲಿ ನಕ್ಷೆಯ ಗೆರೆ ಯಾವ ಕಡೆಗೆ ಬಾಗಿದೆ ಎನ್ನುವುದೇ ಹೆಚ್ಚು ಹೇಳುತ್ತದೆ.

ವೈದ್ಯರ ಬಳಿ ಮೊದಲು ಹೋಗಬೇಕಾದ ಸಂದರ್ಭಗಳು

ಆಹಾರ ಮತ್ತು ವ್ಯಾಯಾಮದ ಬದಲಾವಣೆಗೆ ಕೈಹಾಕುವ ಮೊದಲು ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸುವುದು ಯಾವಾಗಲೂ ಒಳ್ಳೆಯದು. ಕೆಲವು ಲಕ್ಷಣಗಳಿದ್ದರಂತೂ ತಡಮಾಡಲೇಬಾರದು. ಇವುಗಳಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು ಎತ್ತರವನ್ನು. ಹೆಚ್ಚು ತಿಂದು, ಕಡಿಮೆ ಓಡಾಡಿ ತೂಕ ಹೆಚ್ಚಿಸಿಕೊಂಡ ಮಕ್ಕಳು ಸಾಮಾನ್ಯವಾಗಿ ಎತ್ತರದಲ್ಲೂ ಓರಗೆಯವರಿಗಿಂತ ತುಸು ಮುಂದಿರುತ್ತಾರೆ. ತೂಕ ಏರುತ್ತಲೇ ಇದ್ದು ಎತ್ತರ ನಿಂತುಬಿಟ್ಟಿದ್ದರೆ ಥೈರಾಯ್ಡ್ ಕೊರತೆ ಅಥವಾ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಹೆಚ್ಚಾಗುವಂಥ ತೊಂದರೆ ಇರಬಹುದು, ಮತ್ತು ಅದನ್ನು ಊಟದ ಶಿಸ್ತಿನಿಂದ ಸರಿಪಡಿಸಲಾಗದು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳಲ್ಲೂ, ಮೂರ್ಛೆರೋಗಕ್ಕೆ ಅಥವಾ ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳಿಂದಲೂ ತೂಕ ಏರುತ್ತದೆ; ಅಂಥ ಔಷಧಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಕತ್ತಿನ ಹಿಂಭಾಗ ಮತ್ತು ಕಂಕುಳಿನ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿದ್ದರೆ ಅದನ್ನು ಕೊಳೆಯೆಂದು ಉಜ್ಜುತ್ತಾ ಕೂರಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ರಾತ್ರಿ ಜೋರಾದ ಗೊರಕೆ, ನಿದ್ದೆಯಲ್ಲಿ ಉಸಿರು ತಡೆದು ತಡೆದು ಬರುವುದು, ಹಗಲೆಲ್ಲ ತೂಕಡಿಕೆ, ಅತಿಯಾದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ, ತೀವ್ರ ತಲೆನೋವಿನೊಂದಿಗೆ ಮಸುಕಾಗುವ ದೃಷ್ಟಿ ಇವೆಲ್ಲವೂ ಪರೀಕ್ಷೆಗೆ ಕಾರಣಗಳು. ಮಗು ಕುಂಟುತ್ತಾ ಸೊಂಟ, ತೊಡೆ ಅಥವಾ ಮಂಡಿ ನೋವೆಂದರೆ ಓಡಿಸುವುದನ್ನು ಅಂದೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ತೂಕ ಹೆಚ್ಚಿರುವ ಹದಿಹರೆಯದ ಮಕ್ಕಳಲ್ಲಿ ತೊಡೆಮೂಳೆಯ ತಲೆ ತನ್ನ ಜಾಗದಿಂದ ಜಾರುವ ಸಾಧ್ಯತೆಯಿದೆ, ಮತ್ತು ಆ ನೋವು ಎಷ್ಟೋ ಸಲ ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಗುರಿ ಏನಾಗಿರಬೇಕು

ಈಗ ಆ ಹತ್ತು ವರ್ಷದ ಮಗುವಿನ ಲೆಕ್ಕಕ್ಕೆ ಬರೋಣ. ಮುಂದಿನ ಒಂದು ವರ್ಷದಲ್ಲಿ ಅದು 6 ಸೆಂ.ಮೀ. ಬೆಳೆದು 144 ಸೆಂ.ಮೀ. ಮುಟ್ಟಿತು, ತೂಕ ಮಾತ್ರ 39 ಕೆ.ಜಿ.ಯಲ್ಲೇ ನಿಂತಿತು ಎಂದುಕೊಳ್ಳಿ. ಬಿಎಂಐ ಸುಮಾರು 18.8ಕ್ಕೆ ಇಳಿಯುತ್ತದೆ, ಹನ್ನೊಂದರ ವಯಸ್ಸಿಗೆ ಅದು ಆರೋಗ್ಯಕರ ವ್ಯಾಪ್ತಿಯೊಳಗಿನ ಅಂಕಿ. ಒಂದು ಗ್ರಾಂ ತೂಕವನ್ನೂ ಇಳಿಸದೆ ಮಗು ಅಪಾಯದ ಗೆರೆಯಿಂದ ಈಚೆ ಬಂದಿತು. ಬೆಳೆಯುವ ವಯಸ್ಸಿನಲ್ಲಿ ಮಾತ್ರ ದೊರೆಯುವ ಈ ಅನುಕೂಲ ವಯಸ್ಕರಿಗಿಲ್ಲ. ಆದ್ದರಿಂದ ತೂಕ ಸ್ವಲ್ಪವೇ ಹೆಚ್ಚಿರುವ, ಇನ್ನೂ ಎತ್ತರವಾಗುತ್ತಿರುವ ಮಗುವಿನ ವಿಷಯದಲ್ಲಿ ತೂಕವನ್ನು ಇದ್ದಲ್ಲಿಯೇ ಹಿಡಿದಿಡುವುದು, ಇಲ್ಲವೇ ಏರಿಕೆಯ ವೇಗವನ್ನು ತಗ್ಗಿಸುವುದು ಸಾಕಾಗುತ್ತದೆ. ಬೊಜ್ಜು ಹೆಚ್ಚಾಗಿರುವ ಅಥವಾ ಬೆಳವಣಿಗೆ ಮುಗಿಯುತ್ತಾ ಬಂದಿರುವ ಮಕ್ಕಳಿಗೆ ನಿಧಾನವಾಗಿ ತೂಕ ಇಳಿಸುವ ಅಗತ್ಯ ಬೀಳಬಹುದು, ಅದರ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಮನೆಯ ಮಾತು

ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಊಟ ಮತ್ತು ಆಟಗಳಲ್ಲಿ ಮಾಡುವ ಒಳ್ಳೆಯ ಕೆಲಸವೆಲ್ಲ ಒಂದು ಚುಚ್ಚುಮಾತಿನಿಂದ ವ್ಯರ್ಥವಾಗಬಲ್ಲದು. ತೂಕದ ಬಗ್ಗೆ ಮನೆಯವರಿಂದ ಟೀಕೆ, ಕೀಟಲೆ ಕೇಳಿ ಬೆಳೆಯುವ ಮಕ್ಕಳು ಮುಂದೆ ಕದ್ದು ತಿನ್ನುವುದು, ಒಂದೇ ಸಲಕ್ಕೆ ವಿಪರೀತ ತಿನ್ನುವುದು, ಉಪವಾಸ ಬೀಳುವುದು ಮುಂತಾದ ಅಭ್ಯಾಸಗಳಿಗೆ ಸುಲಭವಾಗಿ ಜಾರುತ್ತಾರೆ. ಅಡ್ಡಹೆಸರುಗಳು ಎಷ್ಟೇ ಪ್ರೀತಿಯವಾಗಿದ್ದರೂ ಬೇಡ. ನೆಂಟರೆದುರು ಮಗುವಿನ ಮೈಕಟ್ಟನ್ನು ಚರ್ಚಿಸುವುದು ಬೇಡ. ಬೇರೆ ಯಾರಾದರೂ ಆ ಮಾತೆತ್ತಿದರೆ ಮಗುವಿನ ಎದುರಿಗೇ ಅದನ್ನು ತಡೆಯಿರಿ. ಹೆತ್ತವರು ಕನ್ನಡಿಯ ಮುಂದೆ ನಿಂತು ತಮ್ಮ ದೇಹವನ್ನೇ ಹಳಿದುಕೊಳ್ಳುವುದನ್ನೂ ಮಕ್ಕಳು ಗಮನಿಸುತ್ತಿರುತ್ತಾರೆ.

ಹಾಗೆಂದು ಪೂರ್ತಿ ಮೌನ ವಹಿಸಬೇಕಿಲ್ಲ. ಮಗುವೇ ಬಂದು, ಶಾಲೆಯಲ್ಲಿ ತನ್ನನ್ನು ಆಡಿಕೊಳ್ಳುತ್ತಾರೆ, ತಾನು ದಪ್ಪವೇ ಎಂದು ಕೇಳಿದರೆ, ಇಲ್ಲವೇ ಇಲ್ಲ ಎಂದು ಸುಳ್ಳು ಹೇಳಿ ಬಾಯಿ ಮುಚ್ಚಿಸಬೇಡಿ. ಅದಕ್ಕೆ ಆದ ನೋವನ್ನು ಮೊದಲು ಕೇಳಿಸಿಕೊಳ್ಳಿ. ದೇಹಗಳು ಬೇರೆ ಬೇರೆ ಆಕಾರದಲ್ಲಿರುತ್ತವೆ, ನಾವೆಲ್ಲರೂ ಸೇರಿ ಇನ್ನಷ್ಟು ಗಟ್ಟಿಮುಟ್ಟಾಗೋಣ, ಅದಕ್ಕೆ ಏನೇನು ಮಾಡಬಹುದು ನೋಡೋಣ ಎಂದು ಹೇಳಿ. ಶಾಲೆಯಲ್ಲಿ ಗೇಲಿ ಮುಂದುವರಿದರೆ ಶಿಕ್ಷಕರೊಂದಿಗೆ ಮಾತನಾಡುವುದು ನಿಮ್ಮ ಹೊಣೆ. ಬದಲಾವಣೆ ಎಂಬುದು ಇಡೀ ಮನೆಗೆ ಅನ್ವಯಿಸಬೇಕು ಎನ್ನುವುದೂ ಇಲ್ಲಿಯೇ ಮುಖ್ಯವಾಗುತ್ತದೆ: ಸಣ್ಣಗಿರುವ ತಂಗಿಗೆ ಚಿಪ್ಸ್, ದಪ್ಪಗಿರುವ ಅಣ್ಣನಿಗೆ ಸೌತೆಕಾಯಿ ಎಂಬ ವ್ಯವಸ್ಥೆಯನ್ನು ಯಾವ ಮಗುವೂ ಶಿಕ್ಷೆಯೆಂದೇ ತಿಳಿಯುತ್ತದೆ. ತಂಗಿಗೂ ಚಿಪ್ಸ್‌ನಿಂದ ಪ್ರಯೋಜನವೇನಿಲ್ಲ.

ಊಟ, ತಿಂಡಿ, ಪಾನೀಯ

ಮೊದಲ ಬದಲಾವಣೆ ಕುಡಿಯುವುದರಲ್ಲಿ ಆಗಲಿ. ಸಕ್ಕರೆ ಬೆರೆತ 330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಸುಮಾರು 140 ಕ್ಯಾಲೊರಿ ಇರುತ್ತದೆ. ಅದನ್ನು ಖರ್ಚು ಮಾಡಲು 40 ಕೆ.ಜಿ. ತೂಕದ ಮಗು ಹೆಚ್ಚುಕಡಿಮೆ ಒಂದು ಗಂಟೆ ಚುರುಕಾಗಿ ನಡೆಯಬೇಕಾಗುತ್ತದೆ. ಅಮೆರಿಕದ ಹೃದ್ರೋಗ ಸಂಘವು 2ರಿಂದ 18 ವರ್ಷದವರಿಗೆ ಆಹಾರಕ್ಕೆ ಬೆರೆಸಿದ ಸಕ್ಕರೆ ಇಡೀ ದಿನಕ್ಕೆ 25 ಗ್ರಾಂ ಮೀರಬಾರದು ಎನ್ನುತ್ತದೆ. ಒಂದೇ ಕ್ಯಾನ್ ಆ ಮಿತಿಯನ್ನು ದಾಟಿಸುತ್ತದೆ. ದ್ರವರೂಪದ ಕ್ಯಾಲೊರಿ ಹೊಟ್ಟೆ ತುಂಬಿದ ಭಾವವನ್ನೂ ಕೊಡುವುದಿಲ್ಲ, ಹಾಗಾಗಿ ಮಗು ಅದನ್ನು ಕುಡಿದೂ ಊಟವನ್ನು ಎಂದಿನಷ್ಟೇ ಮಾಡುತ್ತದೆ. ಹಣ್ಣಿನ ರಸ ಮನೆಯಲ್ಲೇ ಹಿಂಡಿದ್ದಾದರೂ ಹಣ್ಣಿಗೆ ಸಮವಲ್ಲ, ಅಗಿಯುವ ನಾರು ಅದರಲ್ಲಿ ಉಳಿಯುವುದಿಲ್ಲ; ಕೊಡಲೇಬೇಕೆಂದರೆ 4ರಿಂದ 6 ವರ್ಷದವರಿಗೆ ದಿನಕ್ಕೆ 120ರಿಂದ 180 ಮಿ.ಲೀ., ಅದಕ್ಕೂ ದೊಡ್ಡವರಿಗೆ 240 ಮಿ.ಲೀ. ಒಳಗಿರಲಿ. ಬಾಯಾರಿಕೆಗೆ ನೀರು, ಜೊತೆಗೆ ಸಕ್ಕರೆಯಿಲ್ಲದ ಹಾಲು. ಎರಡು ವರ್ಷ ದಾಟಿದ ಮಗುವಿಗೆ ಕಡಿಮೆ ಕೊಬ್ಬಿನ ಹಾಲು ಕೊಡಬಹುದು, ಅದಕ್ಕಿಂತ ಚಿಕ್ಕ ಕೂಸಿನ ಆಹಾರದಲ್ಲಿ ಕೊಬ್ಬನ್ನು ಕಡಿತಗೊಳಿಸಬಾರದು. ಬೇರೆ ಯಾವುದನ್ನೂ ಬದಲಿಸಲಾಗದ ಮನೆಯಲ್ಲೂ ಇದೊಂದನ್ನು ಬದಲಿಸಿದರೆ ಗಮನಾರ್ಹ ಫಲ ಸಿಗುತ್ತದೆ ಎಂದು ನಾನು ನಂಬುತ್ತೇನೆ.

ಎರಡನೆಯದು ತಟ್ಟೆಯ ವಿಚಾರ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ರೂಪಿಸಿದ ಹೊಣೆ ಹಂಚಿಕೆಯ ಸೂತ್ರ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಏನನ್ನು, ಯಾವಾಗ, ಎಲ್ಲಿ ತಿನ್ನಬೇಕು ಎಂಬುದನ್ನು ಹಿರಿಯರು ತೀರ್ಮಾನಿಸುತ್ತಾರೆ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎಂಬುದನ್ನು ಮಗು ತೀರ್ಮಾನಿಸುತ್ತದೆ. ತೂಕ ಹೆಚ್ಚಿರುವ ಮಗುವಿಗೆ ಎಷ್ಟು ಎಂಬ ನಿರ್ಧಾರವನ್ನು ಬಿಟ್ಟುಕೊಡುವುದು ಹೇಗೆ ಎಂದು ಹೆತ್ತವರು ಅಂಜುತ್ತಾರೆ. ಆದರೆ ಮೇಜಿನ ಮೇಲೆ ಬರುವುದೇನು ಎಂಬುದು ನಿಮ್ಮ ಕೈಯಲ್ಲಿದ್ದಾಗ ಆ ಅಂಜಿಕೆಗೆ ಹೆಚ್ಚು ಕಾರಣವಿರುವುದಿಲ್ಲ. ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು, ಕಾಲು ಭಾಗ ತವುಡು ತೆಗೆಯದ ಧಾನ್ಯ, ಉಳಿದ ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಮಾಂಸದಂಥ ಪ್ರೋಟೀನ್ ಎಂಬ ಅಳತೆಯನ್ನು ಕಣ್ಣಲ್ಲಿಟ್ಟುಕೊಂಡು ಬಡಿಸಿ.

ಮಗು "ಇನ್ನೂ ಬೇಕು" ಎಂದಾಗ ಏನು ಮಾಡಬೇಕು? ಮುಖ ಗಂಟಿಕ್ಕಬೇಡಿ, "ಸಾಕು, ಈಗಾಗಲೇ ಎಷ್ಟಾಯಿತು ನೋಡು" ಎನ್ನಬೇಡಿ. ಹೊಟ್ಟೆ ತುಂಬಿದ ಸಂದೇಶ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕಾಗುವುದರಿಂದ, ಮೊದಲ ಸುತ್ತು ನಿಧಾನವಾಗಿ, ಮಾತನಾಡುತ್ತಾ ಮುಗಿಯುವಂತೆ ನೋಡಿಕೊಳ್ಳಿ. ಪಾತ್ರೆಗಳನ್ನೆಲ್ಲ ಎದುರಿಗಿಟ್ಟುಕೊಳ್ಳುವ ಬದಲು ಅಡುಗೆಮನೆಯಲ್ಲೇ ಇಟ್ಟು, ತರಕಾರಿಯ ಬಟ್ಟಲನ್ನು ಮಾತ್ರ ಕೈಗೆಟುಕುವಂತೆ ಇಡಿ. ಆಮೇಲೂ ಕೇಳಿದರೆ ಹಸಿವಿನ್ನೂ ಇದೆಯೋ, ರುಚಿಗಾಗಿ ಬೇಕೆನಿಸುತ್ತಿದೆಯೋ ಎಂದು ಮೆಲ್ಲಗೆ ಕೇಳಿ, ಹಸಿವೆಂದರೆ ಕೊಡಿ. ದಿನವೂ ಕೇಳಿಸಿಕೊಂಡ ಈ ಪ್ರಶ್ನೆಯನ್ನು ಕೆಲವು ತಿಂಗಳ ನಂತರ ಮಗು ತನಗೆ ತಾನೇ ಹಾಕಿಕೊಳ್ಳತೊಡಗುತ್ತದೆ. ತಟ್ಟೆ ಖಾಲಿ ಮಾಡಲೇಬೇಕು ಎಂಬ ಹಟವನ್ನೂ ಬಿಡಿ, ಹೊಟ್ಟೆ ತುಂಬಿದ ಮೇಲೂ ತಿನ್ನುವ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ.

ಶಾಲೆ ಬಿಟ್ಟು ಬಂದಾಗಿನಿಂದ ರಾತ್ರಿಯೂಟದವರೆಗಿನ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ಹಸಿದು ಬಂದ ಮಗುವಿಗೆ ಬಿಸ್ಕತ್ತಿನ ಡಬ್ಬಿ ಮೊದಲು ಸಿಕ್ಕಿದರೆ ಅದೇ ಊಟವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಹೆಚ್ಚಿದ ಹಣ್ಣು, ಬೇಯಿಸಿದ ಕಾಳು, ಮೊಟ್ಟೆ, ಸಿಹಿಯಿಲ್ಲದ ಮೊಸರು, ಒಂದು ಹಿಡಿ ಬೀಜಗಳು ಇವುಗಳಲ್ಲಿ ಯಾವುದಾದರೂ ಸಿದ್ಧವಾಗಿರಲಿ. ಅದನ್ನೂ ಕುಳಿತು, ತಟ್ಟೆಯಲ್ಲಿ ಹಾಕಿಕೊಂಡು ತಿನ್ನಲಿ, ಪೊಟ್ಟಣದಿಂದ ನೇರವಾಗಿ ಅಲ್ಲ. ಕರಿದದ್ದು, ಸಿಹಿ, ಪೊಟ್ಟಣದ ತಿಂಡಿಗಳನ್ನು ಮನೆಗೆ ತಂದು ಕಪಾಟಿನಲ್ಲಿ ಬಚ್ಚಿಟ್ಟು ಕಾಯುವುದಕ್ಕಿಂತ ತರದೇ ಇರುವುದು ಸುಲಭ, ಮತ್ತು ಮಗುವಿಗೂ ಅದರಿಂದ ಹಿಂಸೆ ಕಡಿಮೆ. ಕಣ್ಣೆದುರಿಗೇ ಇಟ್ಟು ನಿಷೇಧಿಸಿದ ತಿಂಡಿಯ ಮೇಲೆ ಆಸೆ ಇಮ್ಮಡಿಸುತ್ತದೆ. ಹಾಗೆಂದು ಯಾವುದನ್ನೂ ಜನ್ಮಪೂರ್ತಿ ಬಹಿಷ್ಕರಿಸಬೇಡಿ. ಹುಟ್ಟುಹಬ್ಬದ ಕೇಕನ್ನು ಮಗು ಎಲ್ಲರಂತೆ ಸಂತೋಷದಿಂದ ತಿನ್ನಲಿ. ಸಿಹಿಯನ್ನು ಬಹುಮಾನವಾಗಿ ಕೊಡುವುದು, ತರಕಾರಿ ತಿಂದರೆ ಚಾಕೊಲೇಟ್ ಎಂಬ ಒಪ್ಪಂದ ಮಾಡಿಕೊಳ್ಳುವುದು ಮಾತ್ರ ಬೇಡ, ಅದರಿಂದ ತರಕಾರಿ ದಂಡವೆಂದೂ ಚಾಕೊಲೇಟ್ ಗೌರವವೆಂದೂ ಮಗುವಿನ ಮನಸ್ಸಿನಲ್ಲಿ ಅಚ್ಚಾಗುತ್ತದೆ.

ಹೊಸ ತರಕಾರಿಯನ್ನು ಮಗು ಮೂರು ಸಲ ನಿರಾಕರಿಸಿದರೆ ಕೈಬಿಡಬೇಡಿ. ಒಂದು ಹೊಸ ರುಚಿಯನ್ನು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲ ಎದುರಿಗೆ ಬರಬೇಕಾಗಬಹುದು. ಒತ್ತಾಯವಿಲ್ಲದೆ ಒಂದೊಂದು ತುಣುಕು ತಟ್ಟೆಯ ಅಂಚಿನಲ್ಲಿಡುತ್ತಾ ಹೋಗಿ, ನೀವೂ ಅದನ್ನೇ ತಿನ್ನಿ.

ಆಟ ಮತ್ತು ವ್ಯಾಯಾಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರವಾದ ಚಟುವಟಿಕೆಯಲ್ಲಿ ತೊಡಗಿರಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯೂ ಅದರಲ್ಲಿ ಸೇರಿರಬೇಕು. ಮಧ್ಯಮ ಎಂದರೆ ಮಾತನಾಡಬಹುದು, ಹಾಡಲಾಗದು ಎನ್ನುವಷ್ಟು ಉಸಿರು. ಈ 60 ನಿಮಿಷ ಒಂದೇ ಪಟ್ಟಿಗೆ ಆಗಬೇಕೆಂದಿಲ್ಲ. ಈವರೆಗೆ ಹೆಚ್ಚು ಓಡಾಡದ ಮಗುವಾದರೆ ಬೆಳಿಗ್ಗೆ ಹತ್ತು, ಸಂಜೆ ಹತ್ತು ನಿಮಿಷಗಳಿಂದ ಆರಂಭಿಸಿ ವಾರವಾರವೂ ಐದೈದು ನಿಮಿಷ ಸೇರಿಸುತ್ತಾ ಹೋದರೆ ಎರಡು ತಿಂಗಳಲ್ಲಿ ಗುರಿಯ ಹತ್ತಿರ ಬರುತ್ತದೆ. ಐದು ವರ್ಷಕ್ಕಿಂತ ಚಿಕ್ಕವರಿಗೆ ನಿಗದಿತ ವ್ಯಾಯಾಮವೇ ಬೇಡ. ದಿನವಿಡೀ ಹರಡಿದಂತೆ ಒಟ್ಟು ಮೂರು ಗಂಟೆ ಓಡಾಡಿಕೊಂಡಿದ್ದರೆ ಸಾಕು.

ತೂಕ ಹೆಚ್ಚಿರುವ ಮಗು ಆಟವೆಂದರೆ ಹಿಂಜರಿಯುವುದು ಸೋಮಾರಿತನದಿಂದಲ್ಲ. ಓರಗೆಯವರ ಜೊತೆ ಓಡುವಾಗ ಅದು ಹಲವು ಕಿಲೋ ಹೆಚ್ಚು ಹೊತ್ತುಕೊಂಡು ಓಡುತ್ತಿರುತ್ತದೆ, ಬೇಗ ಏದುಸಿರು ಬರುತ್ತದೆ, ಬೇಗ ಸೆಕೆಯಾಗುತ್ತದೆ, ತೊಡೆಗಳು ಉಜ್ಜಿ ಉರಿಯುತ್ತವೆ. ಔಟಾದವರು ಹೊರಗೆ ಕೂರಬೇಕೆಂಬ ನಿಯಮವಿರುವ ಆಟಗಳಲ್ಲಿ ಇಂಥ ಮಗುವೇ ಮೊದಲು ಔಟಾಗುತ್ತದೆ. ಹೆಚ್ಚು ಓಡಾಡಬೇಕಾದ ಮಗುವೇ ಹೆಚ್ಚು ಹೊತ್ತು ಕೂತಿರುತ್ತದೆ, ಅದೂ ಎಲ್ಲರ ಕಣ್ಣೆದುರು. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಸೋಲು ಗೆಲುವು ಬೇಗ ತೀರ್ಮಾನವಾಗದ ಆಟಗಳನ್ನು ಆರಿಸಿ: ಸೈಕಲ್, ಈಜು, ಕುಣಿತ, ಚೆಂಡೆಸೆದು ಹಿಡಿಯುವುದು, ಒಟ್ಟಿಗೆ ನಡಿಗೆ. ಈಜು ಮತ್ತು ಸೈಕಲ್‌ನಲ್ಲಿ ದೇಹದ ಭಾರ ಮಂಡಿ, ಪಾದಗಳ ಮೇಲೆ ಅಷ್ಟಾಗಿ ಬೀಳುವುದಿಲ್ಲವಾದ್ದರಿಂದ ಭಾರಿ ಮೈಯ ಮಕ್ಕಳಿಗೆ ಅವು ವಿಶೇಷವಾಗಿ ಒಗ್ಗುತ್ತವೆ. ಈಜುಡುಗೆ ತೊಡಲು ಮಗು ಸಂಕೋಚಪಟ್ಟರೆ ಒತ್ತಾಯಿಸದೆ, ಮೈಮುಚ್ಚುವ ಉಡುಗೆ ಕೊಡಿಸಿ, ಜನ ಕಡಿಮೆಯಿರುವ ಹೊತ್ತಿನಲ್ಲಿ ಕರೆದೊಯ್ಯಿರಿ.

ಓಟವನ್ನು ತುಂಡುತುಂಡಾಗಿ ಮಾಡಿಸುವುದು ಜಾಣತನ. ಅಗೋ ಆ ಮರದವರೆಗೆ ಓಡೋಣ, ಅಲ್ಲಿಂದ ಮುಂದಿನ ಕಂಬದವರೆಗೆ ನಡೆಯೋಣ, ಮತ್ತೆ ಓಡೋಣ ಎನ್ನುತ್ತಾ ಜೊತೆಯಲ್ಲಿ ನೀವೂ ಹೆಜ್ಜೆ ಹಾಕಿ. ಮಕ್ಕಳ ಸಹಜ ಓಡಾಟವೇ ಹೀಗೆ ಬಿಟ್ಟು ಬಿಟ್ಟು ನಡೆಯುವಂಥದ್ದು, ವಯಸ್ಕರಂತೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡುವುದು ಅವರಿಗೆ ಬೇಸರ ತರಿಸುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ: ತೂಕ ಹೆಚ್ಚಿರುವ ಮಗು ಓಟದಲ್ಲಿ ಹಿಂದಿದ್ದರೂ ಬಲದಲ್ಲಿ ಎಷ್ಟೋ ಸಲ ಓರಗೆಯವರಿಗಿಂತ ಮುಂದಿರುತ್ತದೆ. ಹಗ್ಗ ಜಗ್ಗುವುದು, ಭಾರದ ಚೆಂಡು ಎಸೆಯುವುದು, ಕುಸ್ತಿಯಂಥ ಆಟ, ಮೇಲ್ವಿಚಾರಣೆಯಲ್ಲಿ ಮಾಡುವ ಹಗುರ ತೂಕಗಳ ಅಭ್ಯಾಸ ಇವುಗಳಲ್ಲಿ ಅದು ಗೆಲ್ಲುತ್ತದೆ. ಆಟದಲ್ಲಿ ಒಮ್ಮೆ ಗೆದ್ದ ಮಗು ಮರುದಿನ ತಾನಾಗಿಯೇ ಹೊರಗೆ ಬರುತ್ತದೆ. ಸ್ನಾಯು ಬಲವಾದಷ್ಟೂ ಇನ್ಸುಲಿನ್ ಕೆಲಸವೂ ಸುಧಾರಿಸುತ್ತದೆ.

ಬಿಸಿಲಿನ ಹೊತ್ತನ್ನು ತಪ್ಪಿಸಿ, ಆಗಾಗ ನೀರು ಕುಡಿಸಿ, ಪಾದಕ್ಕೆ ಹೊಂದುವ ಶೂ ಹಾಕಿಸಿ. ಓಡುವಾಗ ಕೆಮ್ಮು ಅಥವಾ ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಅಸ್ತಮಾ ಇರಬಹುದು, ವೈದ್ಯರಿಗೆ ತಿಳಿಸಿ. "ಇಷ್ಟು ತಿಂದೆಯಲ್ಲ, ಹೋಗಿ ಓಡು" ಎಂಬ ಮಾತು ಮಾತ್ರ ಎಂದಿಗೂ ಬೇಡ. ವ್ಯಾಯಾಮ ಶಿಕ್ಷೆಯಾದ ದಿನವೇ ಮಗು ಅದನ್ನು ಮನಸ್ಸಿನಲ್ಲಿ ಬಿಟ್ಟುಬಿಟ್ಟಿರುತ್ತದೆ. ಯಂತ್ರದಲ್ಲಿ ತೂಕ ಕದಲದಿದ್ದರೂ ನಿಯಮಿತ ಚಟುವಟಿಕೆಯಿಂದ ರಕ್ತದೊತ್ತಡ, ಯಕೃತ್ತಿನ ಕೊಬ್ಬು, ನಿದ್ದೆ, ಮನಸ್ಸಿನ ಉಲ್ಲಾಸ ಇವೆಲ್ಲ ಸುಧಾರಿಸುತ್ತವೆ ಎಂಬುದನ್ನು ಹೆತ್ತವರು ಮರೆಯಬಾರದು.

ನಿದ್ದೆ ಮತ್ತು ಪರದೆ

ನಿದ್ದೆಗೆಟ್ಟ ದೇಹದಲ್ಲಿ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಿ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ತಗ್ಗುವ ಸಾಧ್ಯತೆಯಿದೆ. ಆಯಾಸದಿಂದ ಆಟವೂ ಕುಂದುತ್ತದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಕೋಣೆಯಲ್ಲಿ ಟಿವಿ, ಫೋನ್ ಇರಬಾರದು. ಊಟದ ಹೊತ್ತಿನಲ್ಲಂತೂ ಎಲ್ಲ ಪರದೆಗಳೂ ಆರಿರಬೇಕು, ಹಿರಿಯರ ಫೋನುಗಳೂ ಸೇರಿ, ಏಕೆಂದರೆ ಕಣ್ಣು ಪರದೆಯ ಮೇಲಿದ್ದಾಗ ಕೈ ಎಷ್ಟು ಸಲ ಬಾಯಿಗೆ ಹೋಯಿತೆಂಬುದು ತಿಳಿಯುವುದಿಲ್ಲ.

ಮುಂದಿನ ತಿಂಗಳುಗಳು

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೊರಟವರು ಸಾಮಾನ್ಯವಾಗಿ ಮೂರನೆಯ ವಾರದಲ್ಲಿ ಕೈಚೆಲ್ಲುತ್ತಾರೆ. ಮೊದಲು ಪಾನೀಯ, ಅದು ರೂಢಿಯಾದ ಮೇಲೆ ಸಂಜೆಯ ತಿಂಡಿ, ಆಮೇಲೆ ಮಲಗುವ ಸಮಯ ಎಂದು ಒಂದೊಂದಾಗಿ ಹಿಡಿಯಿರಿ. ತೂಕವನ್ನೂ ಎತ್ತರವನ್ನೂ ತಿಂಗಳಿಗೊಮ್ಮೆಗಿಂತ ಹೆಚ್ಚು ನೋಡಬೇಡಿ. ಅದರ ಬದಲು ಮೆಟ್ಟಿಲು ಹತ್ತುವಾಗ ಉಸಿರು ಹೇಗಿದೆ, ಎಷ್ಟು ದೂರ ನಿಲ್ಲದೆ ನಡೆಯಿತು, ಯಾವ ಹೊಸ ಆಟ ಕಲಿಯಿತು ಎಂಬುದನ್ನು ಮಗುವಿನ ಜೊತೆ ಬರೆದಿಡಿ. ರಜೆ, ಪ್ರವಾಸ, ಕಾಯಿಲೆಗಳಲ್ಲಿ ಕ್ರಮ ತಪ್ಪುತ್ತದೆ. ಯಾರನ್ನೂ ದೂರದೆ ಮರುದಿನದಿಂದ ಮತ್ತೆ ಆರಂಭಿಸಿ. ಹದಿಹರೆಯದವರ ಜೊತೆ ಆಜ್ಞೆಯ ಧಾಟಿ ನಡೆಯುವುದಿಲ್ಲ. ಅವರಿಗೇ ಯಾವ ಬದಲಾವಣೆ ಬೇಕೆನಿಸುತ್ತದೋ ಅದರಿಂದ ಆರಂಭಿಸಿ, ಅಡುಗೆ ಮಾಡಲು ಕಲಿಸಿ. ಅವರು ಊಟ ಬಿಡುವುದು, ತಿಂದ ಮೇಲೆ ಬಚ್ಚಲಿಗೆ ಓಡುವುದು, ಗುಟ್ಟಾಗಿ ತಿನ್ನುವುದು ಕಂಡರೆ ತೂಕದ ಮಾತನ್ನು ಬದಿಗಿಟ್ಟು ಕೂಡಲೇ ತಜ್ಞರ ನೆರವು ಪಡೆಯಿರಿ.

ಮನೆಯವರೆಲ್ಲ ಮೂರರಿಂದ ಆರು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ನಕ್ಷೆಯ ಗೆರೆ ಮೇಲಕ್ಕೇ ಹೋಗುತ್ತಿದ್ದರೆ ಅದು ಮಗುವಿನ ಸೋಲೂ ಅಲ್ಲ, ನಿಮ್ಮ ಸೋಲೂ ಅಲ್ಲ. ಬೊಜ್ಜಿನಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಬೊಜ್ಜು ಈಗಾಗಲೇ ಹೆಚ್ಚಾಗಿರುವ ಮಗುವಿನ ವಿಷಯದಲ್ಲಿ ಅಷ್ಟು ದಿನ ಕಾಯುವುದೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ ಕಾದು ನೋಡುವ ನೀತಿಯನ್ನು ಕೈಬಿಟ್ಟು, ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಗಳ ಮುಖಾಮುಖಿ ಮಾರ್ಗದರ್ಶನವನ್ನು ಇಡೀ ಕುಟುಂಬಕ್ಕೆ ಕೊಡುವ ಕಾರ್ಯಕ್ರಮಗಳನ್ನು ಶಿಫಾರಸು ಮಾಡಿದೆ. ಬೊಜ್ಜಿರುವ 12 ವರ್ಷ ಮೇಲಿನವರಿಗೆ ಔಷಧ, ತೀವ್ರ ಬೊಜ್ಜಿರುವ 13 ವರ್ಷ ಮೇಲಿನವರಿಗೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನೂ ಅದೇ ಮಾರ್ಗಸೂಚಿ ಪರಿಗಣಿಸುತ್ತದೆ, ಊಟ ಮತ್ತು ಆಟದ ಬದಲಾವಣೆಗಳ ಜೊತೆಗೇ ಹೊರತು ಅವುಗಳ ಬದಲಿಗೆ ಅಲ್ಲ. ವೈದ್ಯರ ಬಳಿ ಹೋಗುವಾಗ ಹಿಂದಿನ ವರ್ಷಗಳ ಎತ್ತರ ಮತ್ತು ತೂಕದ ದಾಖಲೆಗಳನ್ನೂ, ಮಗು ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನೂ, ಒಂದು ಸಾಧಾರಣ ವಾರದಲ್ಲಿ ಅದು ತಿಂದ, ಆಡಿದ, ಮಲಗಿದ ವಿವರವನ್ನೂ ಬರೆದುಕೊಂಡು ಹೋಗಿ.